ಬೋ ಥ್ರಸ್ಟರ್ ಸೊರಗಿದಾಗ: ಹೊಸ ಬ್ಯಾಟರಿ ಕೊಳ್ಳುವ ಮೊದಲು ಅಳೆಯಬೇಕಾದದ್ದು, ಕೊಳ್ಳುವಾಗ ನೋಡಬೇಕಾದದ್ದು

ಇಂಗ್ಲೆಂಡಿನ ಕಾಲುವೆಗಳ ನ್ಯಾರೋಬೋಟ್‌ಗಳಲ್ಲಿ (ಉದ್ದನೆಯ, ಕಿರಿದಾದ ದೋಣಿಗಳಲ್ಲಿ) ಬೋ ಥ್ರಸ್ಟರ್, ಅಂದರೆ ಬೋಟಿನ ಮೂತಿಯನ್ನು ಎಡಬಲಕ್ಕೆ ತಳ್ಳುವ ವಿದ್ಯುತ್ ಮೋಟಾರಿನ ಪ್ರೊಪೆಲ್ಲರ್, ಬಲ ಕಳೆದುಕೊಂಡಾಗ ಮಾಲೀಕರು ಸಾಮಾನ್ಯವಾಗಿ ಮಾಡುವ ಮೊದಲ ಕೆಲಸ ಹೊಸ ಬ್ಯಾಟರಿ ತಂದು ಕೂರಿಸುವುದು. ಒಂದು ಬೇಸಿಗೆ ಚೆನ್ನಾಗಿ ನಡೆಯುತ್ತದೆ. ಚಳಿಗಾಲ ಕಳೆದು ಏಪ್ರಿಲ್‌ನಲ್ಲಿ ಗುಂಡಿ ಒತ್ತಿದರೆ ಮತ್ತದೇ ಮುಲುಗಾಟ. ಆಗ ಬೈಗುಳ ಬ್ಯಾಟರಿ ಮಾಡಿದವನಿಗೆ. ಮುಂದಿನ ಸಲ ಇನ್ನೂ ದೊಡ್ಡ ಬ್ಯಾಟರಿ ಬರುತ್ತದೆ, ಅದಕ್ಕೂ ಅದೇ ಗತಿಯಾಗುತ್ತದೆ. ಕಾರಣ ಹುಡುಕದೆ ಬ್ಯಾಟರಿ ಬದಲಿಸುತ್ತಾ ಹೋಗುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಇಲ್ಲಿ ಕೊಟ್ಟಿರುವ ಲೆಕ್ಕವೆಲ್ಲ 57 ಅಡಿ ಉದ್ದದ ಉಕ್ಕಿನ ನ್ಯಾರೋಬೋಟಿನದು. 12 ವೋಲ್ಟ್‌ನ, ಸುಮಾರು 3 ಕಿಲೋವ್ಯಾಟ್ ಮೋಟಾರಿನ, 55 ಕೆಜಿ ತಳ್ಳುವ ವರ್ಗದ ಥ್ರಸ್ಟರ್ ಎಂದಿಟ್ಟುಕೊಳ್ಳಿ. ಹಾಲೆಂಡಿನ ವೀಟಸ್ ಇರಲಿ, ನಾರ್ವೆಯ ಸ್ಲೈಪ್ನರ್ ಕಂಪನಿಯ ಸೈಡ್‌ಪವರ್ ಇರಲಿ, ಈ ವರ್ಗದಲ್ಲಿ ವಿದ್ಯುತ್ತಿನ ವ್ಯವಹಾರ ಹೆಚ್ಚುಕಡಿಮೆ ಒಂದೇ. ಥ್ರಸ್ಟರ್ ಮತ್ತು ಅದರ ಬ್ಯಾಟರಿ ಬೋಟಿನ ಮೂತಿಯಲ್ಲಿ. ಎಂಜಿನ್, ಅದರಿಂದ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಮನೆಬಳಕೆಯ ಬ್ಯಾಟರಿಗಳು ಹಿಂಬದಿಯಲ್ಲಿ. ನಡುವಿನ ಹದಿನಾರು ಮೀಟರ್ ದೂರವೇ ಬಹುಪಾಲು ತೊಂದರೆಗಳ ಮೂಲ.

ಥ್ರಸ್ಟರ್‌ಗೆ ಬೇಕಾದದ್ದು ಯಾವ ಶಕ್ತಿ

3000 ವ್ಯಾಟ್ ಅನ್ನು, ಓಡುವಾಗ ಮೋಟಾರಿಗೆ ತಲುಪುವ 10.5 ವೋಲ್ಟ್‌ನಿಂದ ಭಾಗಿಸಿದರೆ 286 ಆಂಪಿಯರ್. ಲೆಕ್ಕಕ್ಕೆ 300 ಎಂದಿಟ್ಟುಕೊಳ್ಳೋಣ. ಮೋಟಾರ್ ನಿಂತಲ್ಲಿಂದ ತಿರುಗಲು ಶುರುವಾಗುವ ಕ್ಷಣದಲ್ಲಿ ಇದರ ಎರಡು ಪಟ್ಟು, ಒಮ್ಮೊಮ್ಮೆ ಇನ್ನೂ ಹೆಚ್ಚು ಎಳೆಯುತ್ತದೆ. ಆದರೆ ಎಷ್ಟು ಹೊತ್ತು? ಮರೀನಾದ ಬಾಯಲ್ಲಿ ತಿರುಗುವಾಗ ಒಂದು ಒತ್ತು ಎಂದರೆ ಐದು ಸೆಕೆಂಡು. 300 ಆಂಪಿಯರ್ ಐದು ಸೆಕೆಂಡು ಹರಿದರೆ ಖರ್ಚಾಗುವುದು 0.42 ಆಂಪಿಯರ್-ಅವರ್ ಮಾತ್ರ. ಗಾಳಿಯ ದಿನ ಮೂವತ್ತು ಸಲ ಒತ್ತಿದರೂ ಒಟ್ಟು ಹನ್ನೆರಡೂವರೆ. 110 ಆಂಪಿಯರ್-ಅವರ್‌ನ ಬ್ಯಾಟರಿಗೆ ಇದು ಯಾವ ಲೆಕ್ಕ? ಮೋಟಾರನ್ನೇ ಗಂಟೆಗೆ ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಓಡಿಸುವಂತಿಲ್ಲ ಎಂದು ತಯಾರಕರು ಬರೆದಿರುತ್ತಾರೆ. ಅಂದಮೇಲೆ ಬ್ಯಾಟರಿ ಖಾಲಿಯಾಗುವಷ್ಟು ಓಡಿಸುವ ಮಾತೇ ಬರುವುದಿಲ್ಲ.

ಹಾಗಾಗಿ ಥ್ರಸ್ಟರ್ ಬ್ಯಾಟರಿಗೆ ಕೇಳಬೇಕಾದ ಪ್ರಶ್ನೆ ಹೊಟ್ಟೆ ಎಷ್ಟು ದೊಡ್ಡದು ಎಂದಲ್ಲ. 300 ಆಂಪಿಯರ್ ಎಳೆದಾಗ ವೋಲ್ಟೇಜನ್ನು ಎಷ್ಟರಲ್ಲಿ ಹಿಡಿದು ನಿಲ್ಲಿಸುತ್ತದೆ ಎಂಬುದು. ಬೆಂಗಳೂರಿನ ಮನೆಗಳಲ್ಲಿ ಇನ್ವರ್ಟರ್‌ಗೆ ಹಾಕುವ 150 ಆಂಪಿಯರ್-ಅವರ್‌ನ ಟ್ಯೂಬ್ಯುಲರ್ ಬ್ಯಾಟರಿಯನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅದು ನಾಲ್ಕೈದು ಗಂಟೆ ಫ್ಯಾನು ಲೈಟು ನಡೆಸಲು ಹೇಳಿ ಮಾಡಿಸಿದ್ದು: ದಪ್ಪ ಪ್ಲೇಟು, ನಿಧಾನದ ಹರಿವು. ಅದನ್ನೇ ಥ್ರಸ್ಟರ್‌ಗೆ ಕಟ್ಟಿದರೆ ಮೊದಲ ಸೆಕೆಂಡಿನಲ್ಲೇ ವೋಲ್ಟೇಜ್ ಕುಸಿಯುತ್ತದೆ. ತೆಳ್ಳನೆಯ ಪ್ಲೇಟುಗಳನ್ನು ಒತ್ತೊತ್ತಾಗಿ ಜೋಡಿಸಿದ ಕಾರಿನ ಸ್ಟಾರ್ಟರ್ ಬ್ಯಾಟರಿ, ಅದರ ಅರ್ಧ ಗಾತ್ರದಲ್ಲೂ ಈ ಕೆಲಸಕ್ಕೆ ಎಷ್ಟೋ ವಾಸಿ.

ಮೊದಲು ಲಕ್ಷಣ ಓದಿ

ಮೀಟರ್ ಕೈಗೆತ್ತಿಕೊಳ್ಳುವ ಮೊದಲೇ ಕಿವಿಯಿಂದ ಅರ್ಧ ಉತ್ತರ ಸಿಗುತ್ತದೆ.

ಗುಂಡಿ ಒತ್ತಿದರೆ ಸದ್ದೇ ಇಲ್ಲ, ಕ್ಲಿಕ್ ಕೂಡ ಇಲ್ಲ ಎಂದರೆ ಮೊದಲು ಪ್ಯಾನೆಲ್ ಆನ್ ಇದೆಯೇ ನೋಡಿ. ಬಹಳಷ್ಟು ಪ್ಯಾನೆಲ್‌ಗಳು ಸ್ವಲ್ಪ ಹೊತ್ತು ಮುಟ್ಟದಿದ್ದರೆ ತಾವೇ ಆಫ್ ಆಗುತ್ತವೆ. ನಂತರ ಮೂತಿಯಲ್ಲಿರುವ, ಬ್ಯಾಟರಿಯ ಸಂಪರ್ಕ ಪೂರ್ತಿ ಕಡಿಯುವ ಐಸೊಲೇಟರ್ ಸ್ವಿಚ್, ಮುಖ್ಯ ಫ್ಯೂಸ್, ಕಂಟ್ರೋಲ್ ಲೈನಿನ ಸಣ್ಣ ಫ್ಯೂಸ್.

ಟಕ ಟಕ ಎಂದು ಕಾಂಟ್ಯಾಕ್ಟರ್ (ಮೋಟಾರಿಗೆ ಕರೆಂಟ್ ಕೂಡಿಸುವ ವಿದ್ಯುತ್ಕಾಂತದ ದೊಡ್ಡ ಸ್ವಿಚ್) ಬಡಿದುಕೊಳ್ಳುತ್ತಿದ್ದರೆ ವೋಲ್ಟೇಜ್ ಕುಸಿಯುತ್ತಿದೆ ಎಂದರ್ಥ. ಕಾಂಟ್ಯಾಕ್ಟರ್ ಕೂಡಿಕೊಂಡ ತಕ್ಷಣ ಮೋಟಾರ್ ಎಳೆಯುತ್ತದೆ, ವೋಲ್ಟೇಜ್ ಬೀಳುತ್ತದೆ, ಕಾಯಿಲ್‌ಗೆ ಬಲ ಸಾಲದೆ ಕಾಂಟ್ಯಾಕ್ಟರ್ ಬಿಟ್ಟುಕೊಳ್ಳುತ್ತದೆ, ವೋಲ್ಟೇಜ್ ಮೇಲೆ ಬರುತ್ತದೆ, ಮತ್ತೆ ಕೂಡಿಕೊಳ್ಳುತ್ತದೆ. ಹೀಗೆ ಬಡಿಯಲು ಬಿಟ್ಟರೆ ಕಾಂಟ್ಯಾಕ್ಟ್‌ಗಳು ಸುಟ್ಟು ಅಂಟಿಕೊಳ್ಳಬಹುದು. ಅಂಟಿಕೊಂಡರೆ ಗುಂಡಿ ಬಿಟ್ಟ ಮೇಲೂ ಥ್ರಸ್ಟರ್ ನಿಲ್ಲುವುದಿಲ್ಲ. ಐಸೊಲೇಟರ್ ಎಲ್ಲಿದೆ ಎಂಬುದು ಬೋಟಿನಲ್ಲಿರುವ ಎಲ್ಲರಿಗೂ ಗೊತ್ತಿರಬೇಕಾದದ್ದು ಇದಕ್ಕೇ.

ಎಡಕ್ಕೆ ಜೋರು, ಬಲಕ್ಕೆ ಸೊರಗು. ಹಾಗಿದ್ದರೆ ಬ್ಯಾಟರಿಯ ತಪ್ಪಲ್ಲ. ಎರಡು ದಿಕ್ಕಿಗೂ ಅದೇ ಬ್ಯಾಟರಿ, ಅದೇ ಕೇಬಲ್. ಆ ದಿಕ್ಕಿನ ಕಾಂಟ್ಯಾಕ್ಟರ್ ಅಥವಾ ಅದರ ವೈರಿಂಗ್ ನೋಡಿ.

ಮೋಟಾರ್ ಎತ್ತರದ ದನಿಯಲ್ಲಿ ಹಗುರಾಗಿ ಸುಂಯ್ಗುಡುತ್ತದೆ, ನೀರು ಅಲುಗುವುದಿಲ್ಲ, ವೋಲ್ಟೇಜ್ ಕೂಡ ಅಷ್ಟಾಗಿ ಇಳಿಯುವುದಿಲ್ಲ. ಮೋಟಾರ್ ಮತ್ತು ಪ್ರೊಪೆಲ್ಲರ್ ನಡುವಿನ ಶಿಯರ್ ಪಿನ್ (ಅತಿ ಭಾರ ಬಿದ್ದಾಗ ಮೊದಲು ತಾನೇ ಮುರಿಯುವ ಪಿನ್) ಅಥವಾ ಕಪ್ಲಿಂಗ್ ಮುರಿದಿದೆ. ಬದಲಿಗೆ ಮೋಟಾರ್ ಭಾರವಾಗಿ ನರಳುತ್ತಾ, ಒಳ್ಳೆಯ ವೋಲ್ಟೇಜ್ ಇದ್ದೂ ನಿಧಾನವಾಗಿ ತಿರುಗುತ್ತಿದ್ದರೆ ಪ್ರೊಪೆಲ್ಲರ್ ಇರುವ ಅಡ್ಡ ಕೊಳವೆಯಲ್ಲಿ ಏನೋ ಸಿಕ್ಕಿಕೊಂಡಿದೆ. ಅಕ್ಟೋಬರ್-ನವೆಂಬರ್‌ನಲ್ಲಿ ಕಾಲುವೆಯ ಎಲೆರಾಶಿ, ಊರೊಳಗಿನ ಕಾಲುವೆಗಳಲ್ಲಿ ವರ್ಷವಿಡೀ ಪ್ಲಾಸ್ಟಿಕ್ ಚೀಲ.

ಶುರುವಿನಲ್ಲಿ ಚೆನ್ನಾಗಿ ತಳ್ಳಿ ನಾಲ್ಕೈದು ಸೆಕೆಂಡಿನಲ್ಲಿ ಸುಸ್ತಾದರೆ ಮಾತ್ರ ಬ್ಯಾಟರಿಯ ಮೇಲೆ ಅನುಮಾನ ಪಡಬಹುದು. ಎರಡು ಮೂರು ನಿಮಿಷ ಒತ್ತೇ ಒತ್ತಿ ಕೊನೆಗೆ ಪೂರ್ತಿ ನಿಂತು, ಅರ್ಧ ಗಂಟೆ ಕಳೆದ ಮೇಲೆ ಮತ್ತೆ ಓಡಿದರೆ ಅದು ಮೋಟಾರಿನ ಶಾಖದ ಕಟಾಫ್, ದೋಷವಲ್ಲ, ರಕ್ಷಣೆ.

ಲೋಡ್ ಕೊಟ್ಟು ಅಳೆಯುವುದು

ಸುಮ್ಮನಿರುವ ಬ್ಯಾಟರಿಗೆ ಮೀಟರ್ ಹಿಡಿದು 12.7 ಕಂಡು ಸಮಾಧಾನಪಟ್ಟುಕೊಳ್ಳಬೇಡಿ. ಆ ಅಂಕಿ ಹೇಳುವುದು ಚಾರ್ಜ್ ಇದೆಯೇ ಎಂಬುದನ್ನು ಮಾತ್ರ. 300 ಆಂಪಿಯರ್ ಕೊಡಬಲ್ಲದೇ ಎಂದು ಅದು ಹೇಳುವುದಿಲ್ಲ. ಆದರೂ ಅಲ್ಲಿಂದಲೇ ಶುರುಮಾಡಬೇಕು: ಚಾರ್ಜಿಂಗ್ ನಿಲ್ಲಿಸಿ ಕೆಲವು ಗಂಟೆ ಬಿಟ್ಟು ಅಳೆದಾಗ ನೀರು ಹಾಕುವ ಬ್ಯಾಟರಿ 12.7ರ ಹತ್ತಿರ, ಎಜಿಎಂ (ಆಮ್ಲವನ್ನು ಗಾಜುನೂಲಿನ ಪದರದಲ್ಲಿ ಹೀರಿಸಿಟ್ಟ, ನೀರು ಹಾಕಬೇಕಿಲ್ಲದ ಸೀಸದ ಬ್ಯಾಟರಿ) 12.8ಕ್ಕಿಂತ ಮೇಲೆ ಇರಬೇಕು. 12.4 ಎಂದರೆ ಮುಕ್ಕಾಲು ತುಂಬಿದೆ. 12.0 ಎಂದರೆ ಬಹುತೇಕ ಖಾಲಿ. ಅದನ್ನು ಪೂರ್ತಿ ಚಾರ್ಜ್ ಮಾಡದೆ ಮುಂದಿನ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ.

ಬೋಟನ್ನು ಹಿಂದೆ ಮುಂದೆ ಗಟ್ಟಿಯಾಗಿ ಕಟ್ಟಿ. ನೀರಿನಲ್ಲಿ ಮನುಷ್ಯರು, ನಾಯಿ, ಬಾತುಕೋಳಿ, ಸಡಿಲ ಹಗ್ಗ ಯಾವುದೂ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಎಂಜಿನ್ ಮತ್ತು ಎಲ್ಲ ಚಾರ್ಜರ್ ಆಫ್ ಇರಲಿ. ಇಬ್ಬರು ಬೇಕು: ಒಬ್ಬರು ಗುಂಡಿಯ ಬಳಿ, ಇನ್ನೊಬ್ಬರು ಮೂತಿಯಲ್ಲಿ ಮೀಟರ್ ಹಿಡಿದು. ಹತ್ತು ಸೆಕೆಂಡು ಒತ್ತಬೇಕು, ಒಂದನೇ ಮತ್ತು ಒಂಬತ್ತನೇ ಸೆಕೆಂಡಿನ ಅಂಕಿ ಬರೆದುಕೊಳ್ಳಬೇಕು. ಎರಡು ಅಳತೆಗಳ ನಡುವೆ ಒಂದೆರಡು ನಿಮಿಷ ವಿಶ್ರಾಂತಿ ಕೊಡಿ.

ಮೊದಲ ಅಳತೆ ಬ್ಯಾಟರಿಯ ಸೀಸದ ಗೂಟಗಳ ಮೇಲೆ. ಕ್ಲ್ಯಾಂಪಿನ ಮೇಲಲ್ಲ, ಕೇಬಲ್ ತುದಿಯ ಲೋಹದ ಕಿವಿಯಾದ ಲಗ್ಗಿನ ಮೇಲಲ್ಲ, ಗೂಟದ ಮೇಲೇ. ಎರಡನೆಯದು ಮೋಟಾರಿನ ದಪ್ಪ ಟರ್ಮಿನಲ್‌ಗಳ ಮೇಲೆ. ಈ ಎರಡು ಅಂಕಿಗಳ ನಡುವಿನ ವ್ಯತ್ಯಾಸದಲ್ಲೇ ಎಲ್ಲ ಉತ್ತರ ಇದೆ.

ಗೂಟದಲ್ಲಿ 11.3, ಮೋಟಾರಿನಲ್ಲಿ 10.7 ಬಂದರೆ ಎಲ್ಲ ಆರೋಗ್ಯವಾಗಿದೆ. ಗೂಟದಲ್ಲಿ 11.3 ಇದ್ದು ಮೋಟಾರಿನಲ್ಲಿ 9.2 ಬಂದರೆ ಬ್ಯಾಟರಿ ಚೆನ್ನಾಗಿದೆ, ದಾರಿಯಲ್ಲಿ ಎರಡು ವೋಲ್ಟ್ ಕಳೆದುಹೋಗುತ್ತಿದೆ. ಇಲ್ಲಿ ಹೊಸ ಬ್ಯಾಟರಿ ಹಾಕಿದರೆ ಸ್ವಲ್ಪ ಸುಧಾರಿಸಿದಂತೆ ಕಾಣುತ್ತದೆ. ಅದೇ ಜನರನ್ನು ದಾರಿ ತಪ್ಪಿಸುವುದು. ಗೂಟದಲ್ಲೇ 9.5ಕ್ಕೆ ಬಿದ್ದರೆ ಬ್ಯಾಟರಿಯದೇ ದೋಷ, ಅಥವಾ ಈ ಥ್ರಸ್ಟರ್‌ಗೆ ಆ ಬ್ಯಾಟರಿ ಸಾಲದು. ಇವೆರಡರಲ್ಲಿ ಯಾವುದು ಎಂದು ಸೆಕೆಂಡುಗಳ ನಡುವಿನ ಇಳಿಕೆ ಹೇಳುತ್ತದೆ. ಒಂದನೇ ಸೆಕೆಂಡಿನಲ್ಲಿ 11, ಒಂಬತ್ತನೆಯದರಲ್ಲಿ 9 ಎಂದರೆ ಪ್ಲೇಟುಗಳು ಸಲ್ಫೇಟ್ ಕಟ್ಟಿ ಸತ್ತಿವೆ, ಅಥವಾ ಒಂದು ಸೆಲ್ ಹೋಗಿದೆ. ಮೊದಲ ಸೆಕೆಂಡಿನಲ್ಲೇ 9.6ಕ್ಕೆ ಬಿದ್ದು ಅಲ್ಲೇ ಸ್ಥಿರವಾಗಿ ನಿಂತರೆ ಒಳ ಪ್ರತಿರೋಧ ಹೆಚ್ಚು: ತಪ್ಪು ಜಾತಿಯ ಬ್ಯಾಟರಿ.

ಮುಚ್ಚಳ ತೆಗೆಯಬಹುದಾದ ಬ್ಯಾಟರಿಯಾದರೆ ಹೈಡ್ರೋಮೀಟರ್ ಹಾಕಿ. ಪೂರ್ತಿ ಚಾರ್ಜ್ ಆದ ಸೆಲ್ 1.265ರಿಂದ 1.280 ತೋರಿಸಬೇಕು. ಒಂದು ಸೆಲ್ ಉಳಿದವಕ್ಕಿಂತ 0.05 ಕೆಳಗಿದ್ದರೆ ಆ ಬ್ಯಾಟರಿಯನ್ನು ಉಳಿಸುವ ಪ್ರಯತ್ನ ಬಿಡಿ. ಎರಡು ಬ್ಯಾಟರಿ ಸಮಾನಾಂತರವಾಗಿದ್ದರೆ ಬೇರ್ಪಡಿಸಿ ಒಂದೊಂದನ್ನೇ ಪರೀಕ್ಷಿಸಬೇಕು. ಕೆಟ್ಟದ್ದು ಒಳ್ಳೆಯದನ್ನು ರಾತ್ರಿಯೆಲ್ಲಾ ಹೀರುತ್ತಿರುತ್ತದೆ, ಜೋಡಿಯಾಗಿ ಅಳೆದರೆ ಅದು ಕಾಣುವುದಿಲ್ಲ.

ದಾರಿಯಲ್ಲಿ ಸೋರುವ ವೋಲ್ಟ್

ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಗೂಟದ ಮೇಲೆ, ಇನ್ನೊಂದು ಮೋಟಾರಿನ ಪ್ಲಸ್ ಟರ್ಮಿನಲ್ ಮೇಲೆ ಇಟ್ಟು ಥ್ರಸ್ಟರ್ ಓಡಿಸಿದರೆ ಆ ಕಡೆಯ ಒಟ್ಟು ನಷ್ಟ ನೇರವಾಗಿ ಸಿಗುತ್ತದೆ. ಮೈನಸ್ ಕಡೆಗೂ ಹಾಗೇ. ಮೈನಸ್ ಕಡೆಯನ್ನು ಬಹಳ ಜನ ಮರೆಯುತ್ತಾರೆ. ನಷ್ಟ ಅಲ್ಲೂ ಅಷ್ಟೇ ಆಗುತ್ತದೆ.

ನಂತರ ತುಂಡು ತುಂಡಾಗಿ: ಗೂಟದಿಂದ ಕ್ಲ್ಯಾಂಪ್, ಕ್ಲ್ಯಾಂಪಿನಿಂದ ಲಗ್, ಫ್ಯೂಸಿನ ಎರಡು ತುದಿ, ಐಸೊಲೇಟರಿನ ಎರಡು ತುದಿ, ಕಾಂಟ್ಯಾಕ್ಟರಿನ ಎರಡು ತುದಿ. ಯಾವುದೇ ಒಂದು ಕೀಲಿನಲ್ಲಿ 0.1 ವೋಲ್ಟ್ ಮೀರಿದರೆ ಅದನ್ನು ಬಿಚ್ಚಲೇಬೇಕು. 0.1 ವೋಲ್ಟ್ ಎಂದು ತಳ್ಳಿಹಾಕಬೇಡಿ: 300 ಆಂಪಿಯರ್‌ನಲ್ಲಿ ಅದು ಒಂದು ಬೋಲ್ಟಿನ ಮೇಲೆ 30 ವ್ಯಾಟ್ ಶಾಖ. ಓಡಿಸಿದ ಕೂಡಲೇ ಐಸೊಲೇಟರ್ ಆಫ್ ಮಾಡಿ ಕೀಲುಗಳನ್ನು ಬೆರಳಿನಿಂದ ಮುಟ್ಟಿ ನೋಡಿದರೆ ಅಪರಾಧಿ ಯಾವುದೆಂದು ಬಿಸಿಯೇ ಹೇಳುತ್ತದೆ. ಆದರೆ ಹುಷಾರು, ಚರ್ಮ ಸುಡುವಷ್ಟು ಕಾದಿರಬಹುದು.

ಹೊರಗಿನಿಂದ ಹೊಳೆಯುವ ಲಗ್‌ಗಳ ಒಳಗೆ ಹಸಿರು ಹಿಡಿದಿರುವುದು ಸಾಮಾನ್ಯ. ಮೂತಿಯ ಲಾಕರ್ ಇಡೀ ಬೋಟಿನಲ್ಲೇ ಅತಿ ತೇವದ ಜಾಗ. ಸುತ್ತಿಗೆಯಿಂದ ಬಡಿದು ಕ್ರಿಂಪ್ ಮಾಡಿದ ಲಗ್ಗಿಗೆ ತಂತಿ ಸರಿಯಾಗಿ ಅಂಟಿರುವುದಿಲ್ಲ, ಸಂದಿಯಲ್ಲಿ ನೀರಾವಿ ಸೇರುತ್ತದೆ. ಹೊಸದಾಗಿ ಮಾಡುವಾಗ ತವರ ಲೇಪನದ ಲಗ್, ಷಡ್ಭುಜದ ಹೈಡ್ರಾಲಿಕ್ ಕ್ರಿಂಪರ್, ಮೇಲೆ ಒಳಗಂಟಿನ ಹೀಟ್‌ಶ್ರಿಂಕ್. ಇನ್ನೊಂದು ಸಾಮಾನ್ಯ ಎಡವಟ್ಟು: ಲಗ್ ಮತ್ತು ಟರ್ಮಿನಲ್ ನಡುವೆ ಸ್ಟೀಲ್ ವಾಷರ್ ಸೇರಿಸುವುದು. ತಾಮ್ರ ತಾಮ್ರಕ್ಕೆ ನೇರ ತಾಗಬೇಕು, ವಾಷರ್ ಅದರ ಮೇಲೆ ಬರಬೇಕು.

ಕೇಬಲ್ ದಪ್ಪದ ಲೆಕ್ಕ ಸುಲಭ. 70 ಚದರ ಮಿಮೀ ತಾಮ್ರ ಮೀಟರಿಗೆ ಸುಮಾರು ಕಾಲು ಮಿಲಿಓಮ್. ಬ್ಯಾಟರಿ ಮೂತಿಯಲ್ಲೇ ಇದ್ದು ಹೋಗಿಬರುವ ದೂರ ನಾಲ್ಕು ಮೀಟರ್ ಆದರೆ 300 ಆಂಪಿಯರ್‌ಗೆ ನಷ್ಟ 0.3 ವೋಲ್ಟ್. ಅದೇ ಕೇಬಲನ್ನು ಹಿಂಬದಿಯ ಬ್ಯಾಟರಿಗಳಿಂದ ಎಳೆದು ತಂದರೆ ಹೋಗಿಬರುವ ದೂರ 34 ಮೀಟರ್, ನಷ್ಟ ಎರಡೂವರೆ ವೋಲ್ಟ್. 120 ಚದರ ಮಿಮೀ ಹಾಕಿದರೂ ಸುಮಾರು ಒಂದೂವರೆ ವೋಲ್ಟ್ ನಷ್ಟ ಉಳಿದೇ ಇರುತ್ತದೆ, ತಾಮ್ರದ ಖರ್ಚು ಮಾತ್ರ ಕಣ್ಣು ಕುಕ್ಕುತ್ತದೆ. ಬೇರೆ ಬ್ಯಾಟರಿ ಯಾಕೆ, ಇರುವ ದೊಡ್ಡ ಬ್ಯಾಂಕಿನಿಂದಲೇ ಎಳೆದರಾಯಿತಲ್ಲ ಎನ್ನುವವರಿಗೆ ಇದೇ ಉತ್ತರ.

ಬ್ಯಾಟರಿ ಯಾಕೆ ಸತ್ತಿತು

ಥ್ರಸ್ಟರ್ ಬ್ಯಾಟರಿ ದುಡಿದು ಸಾಯುವುದು ಕಡಿಮೆ, ಹಸಿದು ಸಾಯುವುದೇ ಹೆಚ್ಚು. ಸೀಸದ ಬ್ಯಾಟರಿ ಅರೆಹೊಟ್ಟೆಯಲ್ಲಿ ವಾರಗಟ್ಟಲೆ ಇದ್ದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿ ಹರಳಾಗುತ್ತದೆ. ಒಮ್ಮೆ ಗಟ್ಟಿಯಾದ ಮೇಲೆ ಎಷ್ಟು ಚಾರ್ಜ್ ಮಾಡಿದರೂ ಪೂರ್ತಿ ಕರಗುವುದಿಲ್ಲ. ಹಾಗಾದರೆ ಅದಕ್ಕೆ ಊಟ ತಲುಪುತ್ತಿಲ್ಲ ಏಕೆ?

ಹೆಚ್ಚಿನ ಬೋಟ್‌ಗಳಲ್ಲಿ ಹಿಂಬದಿಯ ಬ್ಯಾಟರಿಯಿಂದ ಒಂದು ಚಾರ್ಜಿಂಗ್ ಕೇಬಲ್ ವೋಲ್ಟೇಜ್ ನೋಡಿ ಕೂಡಿಕೊಳ್ಳುವ ರಿಲೇ ಮೂಲಕ ಮೂತಿಗೆ ಹೋಗುತ್ತದೆ. 10 ಚದರ ಮಿಮೀ ತಂತಿ ಹಾಕಿದ್ದರೆ 32 ಮೀಟರಿಗೆ ಪ್ರತಿರೋಧ 55 ಮಿಲಿಓಮ್. 20 ಆಂಪಿಯರ್ ಹರಿಯುವಾಗ 1.1 ವೋಲ್ಟ್ ನಷ್ಟ, ಆಲ್ಟರ್ನೇಟರ್ 14.4 ಕೊಟ್ಟರೂ ಮೂತಿಗೆ ತಲುಪುವುದು 13.3. ಬ್ಯಾಟರಿ ತುಂಬುತ್ತಾ ಬಂದಂತೆ ಆಂಪಿಯರ್ ಇಳಿದು ನಷ್ಟವೂ ಇಳಿಯುತ್ತದೆ ನಿಜ, ಆದರೆ ಅದಕ್ಕೆ ಎಂಜಿನ್ ಗಂಟೆಗಟ್ಟಲೆ ಓಡಬೇಕು. ದಿನಕ್ಕೆ ಎರಡು ತಾಸು ಓಡಿಸಿ ಕಟ್ಟುವ ಬೋಟಿನಲ್ಲಿ ಆ ಹಂತ ಬರುವುದೇ ಇಲ್ಲ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಎಂಜಿನ್ ಓಡುತ್ತಿದೆ, ರಿಲೇ ಕೂಡಿಕೊಂಡಿದೆ, ಆಗ ಥ್ರಸ್ಟರ್ ಒತ್ತುತ್ತೀರಿ. ಮೂತಿಯ ಬ್ಯಾಟರಿ 11ಕ್ಕೆ ಇಳಿಯುತ್ತದೆ, ಹಿಂಬದಿಯಲ್ಲಿ 13.5 ಇರುತ್ತದೆ. ಆ ಎರಡೂವರೆ ವೋಲ್ಟ್ ವ್ಯತ್ಯಾಸಕ್ಕೆ ಹಿಂಬದಿಯ ಬ್ಯಾಟರಿಗಳೂ ಚಾರ್ಜಿಂಗ್ ತಂತಿಯ ಮೂಲಕ ಥ್ರಸ್ಟರನ್ನು ಓಡಿಸಲು ಹೊರಡುತ್ತವೆ. 10 ಚದರ ಮಿಮೀ ತಂತಿಯಲ್ಲಿ 45 ಆಂಪಿಯರ್, 25 ಚದರ ಮಿಮೀ ತಂತಿಯಲ್ಲಿ 100 ಆಂಪಿಯರ್ ದಾಟಬಹುದು. ಅಲ್ಲಿರುವ 30 ಆಂಪಿಯರ್ ಫ್ಯೂಸ್ ಒಂದು ದಿನ ಸದ್ದಿಲ್ಲದೆ ಹೋಗುತ್ತದೆ. ಥ್ರಸ್ಟರ್ ಮಾತ್ರ ಬ್ಯಾಟರಿಯ ಬಲದಿಂದ ಇನ್ನೂ ಕೆಲವು ವಾರ ಓಡುತ್ತಲೇ ಇರುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಸತ್ತ ಥ್ರಸ್ಟರ್ ಬ್ಯಾಟರಿ ಸಿಕ್ಕಲ್ಲೆಲ್ಲ ಮೊದಲು ನೋಡಬೇಕಾದದ್ದು ಈ ಫ್ಯೂಸನ್ನೇ. ಎರಡೂ ತುದಿಯಲ್ಲಿ ಫ್ಯೂಸ್ ಇರುತ್ತದೆ, ಎರಡನ್ನೂ ನೋಡಿ. ದೊಡ್ಡ ಫ್ಯೂಸ್ ಹಾಕಿ ಕೈತೊಳೆದುಕೊಳ್ಳಬೇಡಿ. ಆಗ ಕಾಯುವುದು ಮರದ ಹಲಗೆಯ ಹಿಂದಿರುವ ತಂತಿ.

ಪರೀಕ್ಷೆ ಸರಳ. ಎಂಜಿನ್ ಅರ್ಧ ಗಂಟೆ ಓಡಿದ ಮೇಲೆ ಥ್ರಸ್ಟರ್ ಬ್ಯಾಟರಿಯ ಗೂಟದಲ್ಲಿ 13.8ಕ್ಕಿಂತ ಹೆಚ್ಚು ಇರಬೇಕು, ಏರುತ್ತಲೂ ಇರಬೇಕು. 12.6ರಲ್ಲೇ ನಿಂತಿದ್ದರೆ ಚಾರ್ಜ್ ತಲುಪುತ್ತಿಲ್ಲ.

ಸರಿಯಾದ ಪರಿಹಾರ ಡಿಸಿ-ಡಿಸಿ ಚಾರ್ಜರ್. ವಿಕ್ಟ್ರಾನ್‌ನ ಓರಿಯನ್ 12/12-18 ಅಥವಾ 12/12-30, ಸ್ಟರ್ಲಿಂಗ್‌ನ ಬ್ಯಾಟರಿ-ಟು-ಬ್ಯಾಟರಿ ಮಾದರಿಗಳು ಈ ಕೆಲಸಕ್ಕೆ ಒಗ್ಗುತ್ತವೆ. ದಾರಿಯಲ್ಲಿ ವೋಲ್ಟ್ ಎಷ್ಟೇ ಸೋರಿದರೂ ತನ್ನ ತುದಿಯಲ್ಲಿ 14.4 ಕಟ್ಟಿಕೊಡುತ್ತದೆ. ಥ್ರಸ್ಟರ್ ಎಳೆದಾಗಲೂ ತನ್ನ ಮಿತಿಯ 18 ಅಥವಾ 30 ಆಂಪಿಯರ್‌ಗಿಂತ ಹೆಚ್ಚು ಬಿಡುವುದಿಲ್ಲ, ಹಾಗಾಗಿ ಫ್ಯೂಸ್ ಹಾರುವ ಕಥೆಯೂ ಮುಗಿಯುತ್ತದೆ. ಅದನ್ನು ಮೂತಿಯ ಬ್ಯಾಟರಿಯ ಪಕ್ಕದಲ್ಲೇ ಕೂರಿಸಿ. ಒಂದು ತಕರಾರು ಬರಬಹುದು: ಉದ್ದ ತಂತಿಯಿಂದಾಗಿ ಚಾರ್ಜರ್ ಎಳೆಯಲು ಶುರುಮಾಡಿದ ಕೂಡಲೇ ಅದರ ಒಳಬರುವ ವೋಲ್ಟೇಜ್ ಇಳಿಯುತ್ತದೆ. ಎಂಜಿನ್ ನಿಂತಿತು ಎಂದು ತಿಳಿದು ಅದು ತಾನೇ ಆಫ್ ಆಗಿ, ಮತ್ತೆ ಆನ್ ಆಗುತ್ತಾ ಆಟ ಆಡುತ್ತದೆ. ಆಗ ಎಂಜಿನ್ ಪತ್ತೆಯ ಮಿತಿಯನ್ನು ಆ್ಯಪ್‌ನಲ್ಲಿ ಇಳಿಸಿ, ಅಥವಾ ಇಗ್ನಿಶನ್‌ನಿಂದ ಒಂದು ಸಣ್ಣ ಸಿಗ್ನಲ್ ತಂತಿ ಎಳೆಯಿರಿ.

ಚಾರ್ಜಿಂಗ್‌ನ ಮೈನಸ್‌ಗೆ ಬೋಟಿನ ಉಕ್ಕಿನ ಮೈಯನ್ನೇ ತಂತಿಯಂತೆ ಬಳಸಿದ್ದರೆ ಅದನ್ನು ಮೊದಲು ಬಿಚ್ಚಿಸಿ. ಪೂರ್ತಿ ಉದ್ದಕ್ಕೂ ಬೇರೆಯೇ ಮೈನಸ್ ಕೇಬಲ್ ಇರಬೇಕು. ತುಕ್ಕಿಗೆ ದಾರಿ ಮಾಡಿಕೊಟ್ಟು ತಂತಿಯ ದುಡ್ಡು ಉಳಿಸಿದ ಸಂತೋಷ ಡ್ರೈಡಾಕ್‌ನಲ್ಲಿ ಇಳಿದುಹೋಗುತ್ತದೆ.

ಹೊಸ ಬ್ಯಾಟರಿ ಆರಿಸುವುದು

ಥ್ರಸ್ಟರಿನ ಕೈಪಿಡಿಯಲ್ಲಿ ಕನಿಷ್ಠ ಸಿಸಿಎ, ಅಂದರೆ ಕೋಲ್ಡ್ ಕ್ರ್ಯಾಂಕಿಂಗ್ ಆಂಪಿಯರ್ (ಕೊರೆಯುವ ಚಳಿಯಲ್ಲೂ ಬ್ಯಾಟರಿ ಕೆಲವು ಸೆಕೆಂಡು ಕೊಡಬಲ್ಲ ಕರೆಂಟ್), ಕೊಟ್ಟಿರುತ್ತಾರೆ. ಆ ಅಂಕಿಯ ಮುಂದೆ ಯಾವ ಮಾನದಂಡ ಎಂದು ಓದದಿದ್ದರೆ ಎಡವುವುದು ಖಂಡಿತ. ಎಲ್ಲವೂ ಮೈನಸ್ 18 ಡಿಗ್ರಿಯ ಅಳತೆಯೇ, ಆದರೆ ಅಮೆರಿಕದ ಎಸ್‌ಎಇ ಮಾನದಂಡ 30 ಸೆಕೆಂಡಿನ ಕೊನೆಗೆ 7.2 ವೋಲ್ಟ್ ಉಳಿದರೆ ಸಾಕು ಎನ್ನುತ್ತದೆ. ಹಳೆಯ ಜರ್ಮನ್ ಡಿನ್ ಅದೇ 30 ಸೆಕೆಂಡಿಗೆ 9 ವೋಲ್ಟ್ ಕೇಳುತ್ತದೆ. ಯುರೋಪಿನ ಇಎನ್ 10 ಸೆಕೆಂಡಿಗೆ 7.5. ಕಟ್ಟುನಿಟ್ಟಾದ ಡಿನ್‌ನಲ್ಲಿ 400 ಎಂದು ಬರೆದದ್ದು ಎಸ್‌ಎಇ ಲೆಕ್ಕದಲ್ಲಿ ಸರಿಸುಮಾರು 670 ಆಗುತ್ತದೆ. ಕೈಪಿಡಿ ಡಿನ್ 400 ಕೇಳಿದೆ ಎಂದು ಅಂಗಡಿಯಿಂದ ಎಸ್‌ಎಇ 450ರ ಬ್ಯಾಟರಿ ತಂದರೆ ಬೇಕಾದದ್ದರ ಮೂರನೇ ಎರಡು ಭಾಗವಷ್ಟೇ ಬಂದಂತಾಯಿತು. ಎಂಸಿಎ (ಮರೀನ್ ಕ್ರ್ಯಾಂಕಿಂಗ್ ಆಂಪಿಯರ್) ಎಂದು ಬರೆದದ್ದು ಸೊನ್ನೆ ಡಿಗ್ರಿಯ ಅಂಕಿ, ಅದು ಯಾವಾಗಲೂ ಸಿಸಿಎಗಿಂತ ದೊಡ್ಡದಾಗಿ ಕಾಣುತ್ತದೆ. ಅದನ್ನು ಸಿಸಿಎ ಜೊತೆ ಹೋಲಿಸಬೇಡಿ.

ಕಾಲುವೆ ಬದಿಯ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ, ಮನೆಬಳಕೆಗೆಂದು ಮಾರುವ ‘ಲೀಶರ್’ ಬ್ಯಾಟರಿ ಈ ಕೆಲಸಕ್ಕೆ ಬೇಡ. ಅದರ ಮೇಲೆ 110 ಆಂಪಿಯರ್-ಅವರ್ ಎಂದು ದೊಡ್ಡದಾಗಿ ಇರುತ್ತದೆ, ಸಿಸಿಎ ಬರೆದಿರುವುದೇ ಇಲ್ಲ. ಬರೆಯದಿರುವುದೇ ಒಂದು ಉತ್ತರ.

ಒಳ ಪ್ರತಿರೋಧದ ಅಂಕಿ ಸಿಕ್ಕರೆ ಅದು ಸಿಸಿಎಗಿಂತಲೂ ನೇರ. ಒಡಿಸ್ಸಿ ಪಿಸಿ2150 ಎಂಬ ಎಜಿಎಂ 100 ಆಂಪಿಯರ್-ಅವರ್‌ನದು, 1150 ಸಿಸಿಎ, ಒಳ ಪ್ರತಿರೋಧ ಸುಮಾರು 2.2 ಮಿಲಿಓಮ್, 300 ಆಂಪಿಯರ್‌ಗೆ ಒಳಗೇ ಬೀಳುವುದು 0.66 ವೋಲ್ಟ್. ಆಪ್ಟಿಮಾ ರೆಡ್‌ಟಾಪ್ 34 ಬರೀ 50 ಆಂಪಿಯರ್-ಅವರ್, ಆದರೆ 800 ಸಿಸಿಎ, ಸುಮಾರು 3 ಮಿಲಿಓಮ್, ಬೀಳುವುದು 0.9. ಆರು ಮಿಲಿಓಮ್‌ನ ಒಂದು ಬ್ಯಾಟರಿಯಲ್ಲಿ, ಅದರ ಹೊಟ್ಟೆ ಎಷ್ಟೇ ದೊಡ್ಡದಿರಲಿ, 1.8 ವೋಲ್ಟ್ ಬ್ಯಾಟರಿಯ ಪೆಟ್ಟಿಗೆಯೊಳಗೇ ಕಳೆದುಹೋಗುತ್ತದೆ. 50 ಆಂಪಿಯರ್-ಅವರ್‌ನದು 110ರದ್ದನ್ನು ಸೋಲಿಸುವುದು ಹೀಗೆ. ಆಪ್ಟಿಮಾದ ಬ್ಲೂಟಾಪ್ ತೆಗೆದುಕೊಳ್ಳುವವರು ಪೆಟ್ಟಿಗೆಯ ಬಣ್ಣ ನೋಡಿ: ಕಡು ಬೂದಿ ಬಣ್ಣದ್ದು ಸ್ಟಾರ್ಟಿಂಗ್, ತಿಳಿ ಬೂದಿಯದು ಆಳಕ್ಕೆ ಖಾಲಿಮಾಡಿ ಮತ್ತೆ ತುಂಬಬಹುದಾದ ಡೀಪ್ ಸೈಕಲ್ ಜಾತಿ.

3 ಕಿಲೋವ್ಯಾಟ್‌ಗೆ ಎಸ್‌ಎಇ 800ಕ್ಕಿಂತ ಹೆಚ್ಚಿನ ಒಂದು ಒಳ್ಳೆಯ ಎಜಿಎಂ ಸಾಕು. ಜಾಗ ಮತ್ತು ಹಣ ಇದ್ದರೆ ಎರಡು. ಆಗ ಒಳನಷ್ಟ ಅರ್ಧಕ್ಕೆ ಇಳಿಯುತ್ತದೆ, ಚಳಿಗಾಲದಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ಎರಡು ಹಾಕುವುದಾದರೆ ಒಂದೇ ಕಂಪನಿ, ಒಂದೇ ಮಾದರಿ, ಒಂದೇ ದಿನ ಕೊಂಡದ್ದು ಇರಬೇಕು. ಪ್ಲಸ್ ಕೇಬಲ್ ಒಂದರಿಂದ, ಮೈನಸ್ ಕೇಬಲ್ ಇನ್ನೊಂದರಿಂದ ತೆಗೆಯಿರಿ, ಇಲ್ಲದಿದ್ದರೆ ಹತ್ತಿರದ್ದೇ ಎಲ್ಲ ಭಾರ ಹೊರುತ್ತದೆ. ಬಜೆಟ್ ಬಿಗಿ ಇದ್ದರೆ ದೊಡ್ಡ ವ್ಯಾನ್‌ಗೆ ಹಾಕುವ ಒಳ್ಳೆಯ ಸ್ಟಾರ್ಟರ್ ಬ್ಯಾಟರಿಯೂ ನಡೆಯುತ್ತದೆ. ಅದು ಎಜಿಎಂನಷ್ಟು ಬಾಳುವುದಿಲ್ಲ, ಆದರೆ ಲೀಶರ್ ಬ್ಯಾಟರಿಗಿಂತ ಮೇಲು.

ಲಿಥಿಯಂ ಬಗ್ಗೆ ಈಗ ಎಲ್ಲರೂ ಕೇಳುತ್ತಾರೆ. ಸಾಮಾನ್ಯ 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಒಳಗಿನ ಬಿಎಂಎಸ್ (ಸೆಲ್‌ಗಳನ್ನು ಕಾಯುವ ರಕ್ಷಣಾ ಸರ್ಕ್ಯೂಟ್) ನಿರಂತರವಾಗಿ 100 ಆಂಪಿಯರ್, ಕೆಲವೇ ಸೆಕೆಂಡಿಗೆ 200ರ ಆಸುಪಾಸು ಬಿಡುತ್ತದೆ. ಥ್ರಸ್ಟರ್ ಒತ್ತಿದ ಕ್ಷಣ ಅದು ಸರ್ಕ್ಯೂಟ್ ಕಡಿಯುತ್ತದೆ. ಮೀಟರ್‌ನಲ್ಲಿ 13.2 ತೋರಿಸುತ್ತಿದ್ದ ಬ್ಯಾಟರಿ ಒಮ್ಮೆಲೇ ಸೊನ್ನೆ. ಅದೂ ಗಾಳಿಗೆ ಬೋಟು ಅಡ್ಡ ಹೋಗುತ್ತಿರುವ ಹೊತ್ತಿಗೆ. ಹಾಕಲೇಬೇಕೆಂದರೆ ಥ್ರಸ್ಟರಿನ ಓಟಕ್ಕೂ ಶುರುವಿನ ಎಳೆತಕ್ಕೂ ಸಾಲುವ ಬಿಎಂಎಸ್ ಎಂದು ಬರೆದುಕೊಟ್ಟ ಬ್ಯಾಟರಿ ಬೇಕು, ಫ್ಯೂಸ್ ಭಾರೀ ಶಾರ್ಟ್-ಸರ್ಕ್ಯೂಟ್ ಕರೆಂಟನ್ನೂ ಕಡಿಯಬಲ್ಲ ಕ್ಲಾಸ್-ಟಿ ಜಾತಿಯದಾಗಬೇಕು, ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಆಗದಂತೆ ತಡೆ ಇರಬೇಕು. ಇನ್ನೊಂದು ಮಾತು ಯಾರೂ ಹೇಳುವುದಿಲ್ಲ: ಲಿಥಿಯಂ ವೋಲ್ಟೇಜನ್ನು ಬೀಳಗೊಡುವುದಿಲ್ಲವಾದ್ದರಿಂದ ಮೋಟಾರಿಗೆ 10.5ರ ಬದಲು 12ಕ್ಕಿಂತ ಹೆಚ್ಚು ತಲುಪುತ್ತದೆ. ಬಲ ಹೆಚ್ಚುತ್ತದೆ, ಮೋಟಾರ್ ಬೇಗ ಕಾಯುತ್ತದೆ, ಶಿಯರ್ ಪಿನ್ ಬೇಗ ಮುರಿಯುತ್ತದೆ. ಥ್ರಸ್ಟರ್ ತಯಾರಕರ ಒಪ್ಪಿಗೆ ಇಲ್ಲದೆ ಇದನ್ನು ಮಾಡಬೇಡಿ. ದಿನಕ್ಕೆ ಹತ್ತು ಆಂಪಿಯರ್-ಅವರ್ ಬಳಸುವ ಜಾಗದಲ್ಲಿ ಲಿಥಿಯಂನ ದೊಡ್ಡ ಲಾಭವಾದ ಆಳದ ಸೈಕಲ್‌ಗಳು ಹೇಗೂ ವ್ಯರ್ಥ. ಮನೆಬಳಕೆಗೆ ಲಿಥಿಯಂ, ಥ್ರಸ್ಟರ್‌ಗೆ ಎಜಿಎಂ, ನಡುವೆ ಡಿಸಿ-ಡಿಸಿ ಚಾರ್ಜರ್: ಸದ್ಯಕ್ಕೆ ಇದೇ ಜಾಣತನ.

24 ವೋಲ್ಟ್‌ನ ಥ್ರಸ್ಟರ್ ಆದರೆ ಎರಡು 12 ವೋಲ್ಟ್ ಬ್ಯಾಟರಿ ಸರಣಿಯಲ್ಲಿ ಇರುತ್ತವೆ. ಒಂದು ಕೆಟ್ಟರೂ ಎರಡನ್ನೂ ಬದಲಿಸಬೇಕು. ಅಲ್ಲಿ ಒಂದು ಮಾತ್ರ ಪದೇಪದೇ ಸಾಯುತ್ತಿದ್ದರೆ ಯಾರೋ ಆ ಒಂದು ಬ್ಯಾಟರಿಯಿಂದ ಹೆಡ್‌ಲೈಟಿಗೋ ಹಾರ್ನ್‌ಗೋ 12 ವೋಲ್ಟ್ ಎಳೆದಿರುತ್ತಾರೆ. ಆ ತಂತಿಯನ್ನು ಹುಡುಕಿ.

ಕೂರಿಸುವಾಗ

ಗ್ಯಾಸ್ ಸಿಲಿಂಡರ್ ಲಾಕರ್ ಕೂಡ ಸಾಮಾನ್ಯವಾಗಿ ಮೂತಿಯಲ್ಲೇ ಇರುತ್ತದೆ. ಅದರೊಳಗೆ ಬ್ಯಾಟರಿ, ಐಸೊಲೇಟರ್, ರಿಲೇ, ಕಿಡಿ ಹಾರುವ ಯಾವುದೂ ಇರಬಾರದು. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಬೋಟ್ ಸೇಫ್ಟಿ ಸ್ಕೀಮ್ ತಪಾಸಣೆಯಲ್ಲಿ ಬ್ಯಾಟರಿ ಅಲುಗದಂತೆ ಬಿಗಿದಿದೆಯೇ, ಟರ್ಮಿನಲ್‌ಗೆ ಮುಚ್ಚಳ ಇದೆಯೇ, ಗಾಳಿಯಾಡುತ್ತದೆಯೇ ಎಂದು ನೋಡುತ್ತಾರೆ. ಎಜಿಎಂ ಎಂದು ಗಾಳಿಕಿಂಡಿ ಮುಚ್ಚಬೇಡಿ. ಅತಿ ಚಾರ್ಜ್ ಆದರೆ ಅದೂ ಹೈಡ್ರೋಜನ್ ಬಿಡುತ್ತದೆ. ಮುಂದಿನ ಕ್ಯಾಬಿನ್‌ನ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕಾರಣವಿಲ್ಲದೆ ಕೂಗಿದರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ, ಮೊದಲು ಎಲ್ಲರೂ ಹೊರಗೆ ಬನ್ನಿ. ಗಾಳಿ ಬಿಟ್ಟು, ಒಲೆ ಹೀಟರುಗಳು ನಿರ್ದೋಷಿ ಎಂದು ಖಾತ್ರಿಯಾದ ಮೇಲೆ ಬೆಂಚಿನಡಿಯ ಬ್ಯಾಟರಿಯ ಕಡೆ ನೋಡಿ: ಹೈಡ್ರೋಜನ್ ಆ ಅಲಾರಂಗಳನ್ನು ಮೋಸಗೊಳಿಸಬಲ್ಲದು.

ಫ್ಯೂಸ್ ನಿಧಾನವಾಗಿ ಹಾರುವ ಜಾತಿಯದೇ ಇರಲಿ, ಕೈಪಿಡಿ ಹೇಳಿದ ಅಂಕಿಯದೇ ಇರಲಿ, ಬ್ಯಾಟರಿಯ ಪ್ಲಸ್ ಗೂಟಕ್ಕೆ ಆದಷ್ಟು ಹತ್ತಿರ ಇರಲಿ. ಬಿಚ್ಚುವಾಗ ಮೈನಸ್ ಮೊದಲು, ಜೋಡಿಸುವಾಗ ಮೈನಸ್ ಕೊನೆಗೆ. ಚಾರ್ಜರನ್ನು ಬ್ಯಾಟರಿಯ ಹಾಳೆಯಲ್ಲಿ ಬರೆದ ವೋಲ್ಟೇಜ್‌ಗೆ ಹೊಂದಿಸಿ, ಒಡಿಸ್ಸಿ 14.7ರವರೆಗೆ ಕೇಳುತ್ತದೆ, ಹಳೇ ಬ್ಯಾಟರಿಗೆ ಇಟ್ಟ ಸೆಟ್ಟಿಂಗ್ ಇದಕ್ಕೆ ಸಾಲುವುದಿಲ್ಲ.

ನವೆಂಬರ್‌ನಿಂದ ಮಾರ್ಚ್‌ವರೆಗೆ ಬೋಟು ಕಟ್ಟಿಟ್ಟಿರುವಾಗ ಮೂತಿಯಲ್ಲೇ ಒಂದು 10 ಆಂಪಿಯರ್‌ನ ಸಣ್ಣ ಮೇನ್ಸ್ ಚಾರ್ಜರ್, ದಡದಲ್ಲಿ ಕರೆಂಟ್ ಇಲ್ಲದಿದ್ದರೆ ರೆಗ್ಯುಲೇಟರ್ ಸಹಿತ 20-30 ವ್ಯಾಟ್‌ನ ಸೋಲಾರ್ ಪ್ಯಾನೆಲ್ ಸಾಕು. ತಳದಲ್ಲಿ ಸೇರುವ ನೀರನ್ನು ಹೊರಹಾಕುವ ಮೂತಿಯ ಬಿಲ್ಜ್ ಪಂಪನ್ನು ಇದೇ ಬ್ಯಾಟರಿಗೆ ಕಟ್ಟಿದ್ದರೆ ಲೆಕ್ಕ ಬದಲಾಗುತ್ತದೆ, ಒಂದು ವಾರದ ಮಳೆ ಬ್ಯಾಟರಿಯನ್ನು ಬರಿದು ಮಾಡಬಲ್ಲದು. ಪೂರ್ತಿ ಖಾಲಿಯಾದ ಸೀಸದ ಬ್ಯಾಟರಿ ಮೈನಸ್ ಹತ್ತರ ಆಸುಪಾಸಿಗೆ ಒಳಗೇ ಹೆಪ್ಪುಗಟ್ಟಿ ಬಿರಿಯಬಹುದು. ತುಂಬಿದ್ದಕ್ಕೆ ಆ ಭಯವಿಲ್ಲ.